ಬೆಂಗಳೂರಿನಲ್ಲಿ ಬೀದಿ ಪ್ರಾಣಿಗೂ ಮನೆ ಪ್ರಾಣಿಗೂ ನೆರವು: ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಗಾಯಗೊಂಡ ನಾಯಿಯನ್ನು ಕಂಡವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಫೋಟೊ ತೆಗೆದು ಐದಾರು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದು. ‘ಯಾರಾದರೂ ಬನ್ನಿ, ಅರ್ಜೆಂಟ್’ ಎಂದು ಬರೆದು ಆಫೀಸಿಗೆ ಹೊರಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಆ ಫೋಟೊ ನೂರು ಮೊಬೈಲ್ ಸುತ್ತುವಷ್ಟರಲ್ಲಿ ನಾಯಿ ತೆವಳಿಕೊಂಡು ಹೋಗಿ ಯಾವುದೋ ಮೋರಿಯೋ ಸೈಟೋ ಸೇರಿರುತ್ತದೆ. ಆ್ಯಂಬುಲೆನ್ಸ್ ಬಂದರೂ ಹುಡುಕಿ ಹುಡುಕಿ ಬರಿಗೈಲಿ ವಾಪಸ್ ಹೋಗುತ್ತದೆ. ಇತ್ತ ನಗರದ ಆಶ್ರಯತಾಣಗಳು ಸದಾ ತುಂಬಿರುತ್ತವೆ; ಫೋನ್ ಎತ್ತುವವರ ಮುಂದೆ ಆಗಲೇ ಹತ್ತು ಪ್ರಾಣಿಗಳ ಸಾಲು ಇರುತ್ತದೆ.

ಹಾಗಾಗಿ ನೆರವು ನಿಮ್ಮ ಬೀದಿಯಲ್ಲೇ ಶುರುವಾಗಬೇಕು, ಅದರ ಏರ್ಪಾಡು ಕಷ್ಟ ಬರುವ ಮೊದಲೇ ಆಗಿರಬೇಕು. ಸಂಸ್ಥೆ, ಪಾಲಿಕೆ, ಆಸ್ಪತ್ರೆ ಎಲ್ಲವೂ ಬೇಕು. ಆದರೆ ಪ್ರಾಣಿಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಮಾತ್ರ ಅವು ಅದರ ಹತ್ತಿರ ತಲುಪುತ್ತವೆ.

ಮೊದಲು ಬೀದಿಯಲ್ಲಿ ನಾಲ್ಕೈದು ಜನ

ದೊಡ್ಡ ಸಂಘ ಕಟ್ಟುವುದು ಬೇಡ. ನಿಮ್ಮ ಬೀದಿಯಲ್ಲಿ ನಾಯಿಗೆ ಅನ್ನ ಹಾಕುವವರು, ಬೆಕ್ಕು ಸಾಕಿದವರು, ಬೆಳಿಗ್ಗೆ ನಾಯಿಯನ್ನು ವಾಕಿಂಗ್ ಕರೆದೊಯ್ಯುವವರು ಯಾರ್‍ಯಾರು ಎಂದು ಒಂದು ವಾರ ಗಮನಿಸಿ, ಮಾತಾಡಿಸಿ. ಕಾರು ಇರುವವರು ಒಬ್ಬರು, ಹಗಲು ಮನೆಯಲ್ಲಿರುವವರು ಒಬ್ಬರು, ರಕ್ತ ಕಂಡು ಹೆದರದವರು ಒಬ್ಬರು, ಲೆಕ್ಕ ಬರೆದಿಡುವವರು ಒಬ್ಬರು ಸಿಕ್ಕರೆ ಸಾಕು. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವರು ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಅಮ್ಮ. ಯಾವ ನಾಯಿ ಎರಡು ದಿನದಿಂದ ಕಾಣುತ್ತಿಲ್ಲ, ಯಾವುದು ಕುಂಟುತ್ತಿದೆ, ಯಾರ ಮನೆ ಕಾರಿನ ಕೆಳಗೆ ಮರಿ ಹಾಕಿದೆ ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತದೆ. ಪೌರಕಾರ್ಮಿಕರು, ಸೆಕ್ಯುರಿಟಿ ಗಾರ್ಡ್‌ಗಳು, ಆಟೊ ಸ್ಟ್ಯಾಂಡಿನವರು ಕೂಡ ಹಾಗೆಯೇ. ಇವರ ನಂಬರ್ ಇಟ್ಟುಕೊಳ್ಳಿ, ನಿಮ್ಮ ನಂಬರ್ ಕೊಡಿ.

ಆಮೇಲೆ ಒಂದು ನೋಟ್‌ಬುಕ್. ಬೀದಿಯ ಪ್ರತಿ ನಾಯಿಗೆ ಒಂದು ಪುಟ: ಬಣ್ಣ, ಗಂಡೋ ಹೆಣ್ಣೋ, ಎಲ್ಲಿ ಮಲಗುತ್ತದೆ, ಕಿವಿಯಲ್ಲಿ ಕಚ್ಚು (ಸಂತಾನಶಕ್ತಿಹರಣದ ಆಪರೇಷನ್ ಆದ ಗುರುತು) ಇದೆಯೋ ಇಲ್ಲವೋ, ರೇಬೀಸ್ ಲಸಿಕೆ ಯಾವಾಗ ಆಯಿತು. ಮೊಬೈಲಿನಲ್ಲಿ ಫೋಟೊ ಸಹ ಇರಲಿ. ಮುಂದೆ ಪಾಲಿಕೆಯವರ ಜೊತೆ, ವೈದ್ಯರ ಜೊತೆ, ಸಿಟ್ಟಾದ ನೆರೆಯವರ ಜೊತೆ ಮಾತಾಡುವಾಗಲೆಲ್ಲ ಈ ನೋಟ್‌ಬುಕ್ಕೇ ನಿಮ್ಮ ಬಲ.

ಮೊಬೈಲಿನಲ್ಲಿ ಇಂದೇ ಇರಬೇಕಾದ ನಂಬರ್‌ಗಳು

1533 ಪಾಲಿಕೆಯ ಸಹಾಯವಾಣಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಬರುತ್ತದೆ ಎಂದು ತಿಳಿದುಕೊಂಡಿರಿ. ಬೀದಿನಾಯಿಗಳ ಸಂತಾನಶಕ್ತಿಹರಣ, ರೇಬೀಸ್ ಶಂಕೆಯ ನಾಯಿ, ಸತ್ತ ಪ್ರಾಣಿ, ಇವೆಲ್ಲಕ್ಕೂ ದೂರು ಕೊಡುವುದು ಇಲ್ಲಿಗೇ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ.

1962 ರಾಜ್ಯದ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಹಸು, ಎಮ್ಮೆ, ಕುರಿ, ಮೇಕೆಗಳಿಗೆ ಇದು ಮುಖ್ಯ. 1926 ಅರಣ್ಯ ಇಲಾಖೆಯದು. ಹಾವು, ಕೋತಿ, ಕಾಡು ಹಕ್ಕಿಗಳ ವಿಷಯಕ್ಕೆ. ಹಿಂಸೆ ಕಣ್ಣೆದುರಿಗೇ ನಡೆಯುತ್ತಿದ್ದರೆ 112.

ಸಂಸ್ಥೆಗಳ ಪೈಕಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಯಲಹಂಕ ಕಡೆಯ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಕರುಣಾ ಪ್ರಾಣಿ ಕಲ್ಯಾಣ ಸಂಘ, ಸರ್ವೋಹಮ್ ಟ್ರಸ್ಟ್, ಕಾಡುಪ್ರಾಣಿ ಮತ್ತು ಹಕ್ಕಿಗಳಿಗಾಗಿ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ, ಇವುಗಳ ಈಗಿನ ನಂಬರ್‌ಗಳನ್ನು ಅವರವರ ಅಧಿಕೃತ ಪುಟದಿಂದಲೇ ತೆಗೆದುಕೊಳ್ಳಿ. ಗುಂಪುಗಳಲ್ಲಿ ಸುತ್ತುವ ‘ಬೆಂಗಳೂರು ರೆಸ್ಕ್ಯೂ ಪಟ್ಟಿ’ಗಳಲ್ಲಿ ಅರ್ಧಕ್ಕರ್ಧ ನಂಬರ್‌ಗಳು ಹಳೆಯವು. ಆರು ತಿಂಗಳಿಗೊಮ್ಮೆ ಒಂದೊಂದಕ್ಕೂ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಿನವರೆಗೆ ಎತ್ತುತ್ತಾರೆ, ನಿಮ್ಮ ಏರಿಯಾಗೆ ಆ್ಯಂಬುಲೆನ್ಸ್ ಬರುತ್ತದೆಯೇ, ಖರ್ಚು ಎಷ್ಟಾಗುತ್ತದೆ ಎಂದು ಕೇಳಿಟ್ಟುಕೊಳ್ಳಿ.

ಗಾಯಗೊಂಡ ಪ್ರಾಣಿ ಕಣ್ಣೆದುರಿಗಿದ್ದಾಗ

ಮೊದಲು ವಾಹನಗಳನ್ನು ತಡೆಯಿರಿ. ಸ್ಕೂಟರನ್ನು ಅಡ್ಡ ನಿಲ್ಲಿಸಿ, ಇಂಡಿಕೇಟರ್ ಹಾಕಿ. ನೋವಿನಲ್ಲಿರುವ ನಾಯಿ ಮುದ್ದಿನದೇ ಆದರೂ ಕಚ್ಚುತ್ತದೆ, ಅದರ ತಪ್ಪಲ್ಲ. ಮುಖದ ಹತ್ತಿರ ಬಗ್ಗಬೇಡಿ. ದುಪ್ಪಟ್ಟಾ, ಟವೆಲ್, ಹಳೆ ಬೆಡ್‌ಶೀಟ್ ಏನಾದರೂ ಸರಿ, ಹಿಂದಿನಿಂದ ಮೆಲ್ಲಗೆ ತಲೆಯ ಮೇಲೆ ಹಾಕಿ. ಕಣ್ಣಿಗೆ ಕತ್ತಲಾದರೆ ಹೆಚ್ಚಿನ ನಾಯಿಗಳ ಗಾಬರಿ ಅರ್ಧ ಇಳಿಯುತ್ತದೆ. ವಾಂತಿ ಮಾಡುತ್ತಿಲ್ಲ, ಉಸಿರು ಸಲೀಸಾಗಿದೆ ಎಂದಾದರೆ ಗಾಜ್ ಬ್ಯಾಂಡೇಜಿನಿಂದ ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ತಂದು ಕಿವಿಯ ಹಿಂದೆ ಕಟ್ಟಬಹುದು.

ಕೈಕಾಲು ಹಿಡಿದು ಎತ್ತಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೇ ಅದು ಮತ್ತೆಂದೂ ನಡೆಯದಂತಾಗಬಹುದು. ರಟ್ಟು, ಪ್ಲೈವುಡ್ ತುಂಡು, ಗೋಣಿಚೀಲ, ಯಾವುದು ಸಿಕ್ಕಿದರೂ ಪಕ್ಕದಲ್ಲಿ ಹಾಸಿ, ಮೈಯನ್ನು ಒಟ್ಟಾಗಿ ಅದರ ಮೇಲೆ ಜಾರಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ಅರೆಪ್ರಜ್ಞೆಯಲ್ಲಿರುವ ಪ್ರಾಣಿಯ ಬಾಯಿಗೆ ನೀರು, ಹಾಲು ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆ ಬೇಡವೇ ಬೇಡ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣ ತೆಗೆಯಬಲ್ಲದು.

ಆ್ಯಂಬುಲೆನ್ಸ್ ಬರುವುದು ಒಂದೆರಡು ಗಂಟೆ ತಡ ಎಂದರೆ ಕಾಯಬೇಡಿ, ಆಟೊದಲ್ಲಿ ಹೊರಡಿ. ಎಲ್ಲ ಆಟೊದವರೂ ಒಪ್ಪುವುದಿಲ್ಲ. ಸೀಟಿಗೆ ಹಾಸಲು ಶೀಟ್ ಇದೆ, ಮೀಟರ್ ಮೇಲೆ ಇಷ್ಟು ಕೊಡುತ್ತೇನೆ ಎಂದು ಮೊದಲೇ ಹೇಳಿದರೆ ಒಪ್ಪುವವರು ಸಿಗುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಜೇಬಿಗೆ ಭಾರವಾಗದ ಎರಡು ದೊಡ್ಡ ಜಾಗಗಳು. ಎಕ್ಸ್‌ರೇ, ಶಸ್ತ್ರಚಿಕಿತ್ಸೆಯಂಥ ಸೌಲಭ್ಯ ಅಲ್ಲಿದೆ. ಹೊರಡುವ ಮೊದಲು ಫೋನ್ ಮಾಡಿ ಸಮಯ ಖಚಿತಪಡಿಸಿಕೊಳ್ಳಿ.

ಹುಳು ಬಿದ್ದ ಗಾಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಳೆಗಾಲದಲ್ಲಿ ಬೀದಿನಾಯಿಗಳು ಸಾಯುವುದಕ್ಕೆ ಇದು ದೊಡ್ಡ ಕಾರಣ, ಮತ್ತು ಬೇಗ ಕಂಡರೆ ಸುಲಭವಾಗಿ ವಾಸಿಯಾಗುವಂಥದ್ದು. ನಾಯಿ ಒಂದೇ ಜಾಗವನ್ನು ಬಿಡದೆ ನೆಕ್ಕುತ್ತಿರುತ್ತದೆ, ಅಥವಾ ತಲೆ ಒಂದು ಕಡೆ ವಾಲಿಸಿ ಕಿವಿ ಕೊಡವುತ್ತಿರುತ್ತದೆ. ಹತ್ತಿರ ಹೋದರೆ ಕೊಳೆತ ವಾಸನೆ. ಕೂದಲು ಸರಿಸಿದರೆ ಮೇಲೆ ಒಂದು ರೂಪಾಯಿ ನಾಣ್ಯದಷ್ಟೇ ತೂತು ಕಾಣುತ್ತದೆ. ಒಳಗೆ ಬಿಳಿ ಹುಳುಗಳು ಅಲುಗಾಡುತ್ತಿರುತ್ತವೆ, ಚರ್ಮದ ಕೆಳಗೆ ಗಾಯ ಅಂಗೈ ಅಗಲಕ್ಕೆ ಹರಡಿರುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಫಿನೈಲ್ ಸುರಿಯುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಬದುಕಿರುವ ಮಾಂಸ ಸುಡುತ್ತದೆ, ನಾಯಿ ಅದನ್ನೇ ನೆಕ್ಕಿ ವಿಷ ಒಳಗೆ ಹೋಗುತ್ತದೆ, ಮತ್ತೆ ಅದು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪಶು ಔಷಧಿ ಅಂಗಡಿಯಲ್ಲಿ ಟಾಪಿಕ್ಯೂರ್‌ನಂಥ ಗಾಯದ ಸ್ಪ್ರೇ ಸಿಗುತ್ತದೆ. ನಾಯಿ ಊಟಕ್ಕೆ ತಲೆ ಬಗ್ಗಿಸಿದಾಗ ದೂರದಿಂದಲೇ ಹೊಡೆಯಬಹುದು; ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಸ್ವಲ್ಪ ಹೊತ್ತಿಗೆ ಹುಳುಗಳು ಹೊರಗೆ ಬೀಳತೊಡಗುತ್ತವೆ. ಇದು ಮೊದಲ ದಿನದ ಕೆಲಸ ಮಾತ್ರ. ಒಳಗೆ ಉಳಿದವನ್ನು ವೈದ್ಯರು ಚಿಮಟಿಯಿಂದ ತೆಗೆಯಬೇಕು, ಗಾಯ ತುಂಬುವವರೆಗೆ ದಿನ ಬಿಟ್ಟು ದಿನ ತೊಳೆದು ಔಷಧಿ ಹಚ್ಚಬೇಕು. ತಲೆ, ಕಿವಿ, ಗುದದ್ವಾರದ ಹತ್ತಿರದ ಗಾಯವಾದರೆ ಕಾಯದೆ ಆಸ್ಪತ್ರೆಗೇ ಒಯ್ಯಿರಿ.

ಜನ ತಪ್ಪಾಗಿ ತಿಳಿಯುವ ಇನ್ನೊಂದು ಕಾಯಿಲೆ ಇದೆ. ನಾಯಿಯ ಜನನಾಂಗದಿಂದ ದಿನಗಟ್ಟಲೆ ರಕ್ತ ತೊಟ್ಟಿಕ್ಕುತ್ತಿದ್ದರೆ ಬೆದೆಗೆ ಬಂದಿದೆ, ಇಲ್ಲವೇ ಯಾರೋ ಹೊಡೆದಿದ್ದಾರೆ ಎಂದುಕೊಳ್ಳುತ್ತಾರೆ. ಅನೇಕ ಸಲ ಅದು ಟಿವಿಟಿ ಎಂಬ, ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಗಡ್ಡೆ. ಗಡ್ಡೆ ಎಂದ ಕೂಡಲೇ ಕೈ ಚೆಲ್ಲಬೇಡಿ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನವು ಪೂರ್ತಿ ಗುಣವಾಗುತ್ತವೆ. ವಾರವಾರ ಅದೇ ನಾಯಿಯನ್ನು ಹಿಡಿದು ಕರೆದೊಯ್ಯುವವರು ಬೇಕು. ಮೊದಲು ಹೇಳಿದ ನಾಲ್ಕೈದು ಜನರ ಗುಂಪಿನ ಬೆಲೆ ಗೊತ್ತಾಗುವುದು ಇಲ್ಲೇ.

ಮರಿಗಳು ಸಿಕ್ಕಾಗ

ಒಂಟಿ ಮರಿಗಳನ್ನು ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಿ ಹೋಗಿರುತ್ತದೆ. ದೂರ ನಿಂತು ಕೆಲವು ಗಂಟೆ ನೋಡಿ. ಮರಿಗಳು ಗುಂಡಗಿದ್ದು ಸುಮ್ಮನೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ಆಗ ಮಾಡಬೇಕಾದ್ದು ತಾಯಿಗೆ ಊಟ, ಮರಿಗಳಿಗೆ ಮಳೆ ಬೀಳದ ಜಾಗ, ಅಷ್ಟೇ.

ತಾಯಿ ನಿಜಕ್ಕೂ ಇಲ್ಲವಾದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಮೈ ತಣ್ಣಗಿರುವ ಮರಿಗೆ ಹಾಲು ಹಾಕಿದರೆ ಜೀರ್ಣವಾಗದೆ ಸಾಯಬಹುದು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ. ನಾಯಿಮರಿ, ಬೆಕ್ಕಿನ ಮರಿಗೆಂದೇ ಇರುವ ಹಾಲಿನ ಪುಡಿ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ, ಹೊಟ್ಟೆ ಕೆಳಗಾಗಿಯೇ ಇರಲಿ. ಕಣ್ಣು ಬಿಡದ ಮರಿ ತಾನಾಗಿ ಮೂತ್ರ ಮಾಡಲಾರದು. ಪ್ರತಿ ಸಲ ಹಾಲಿನ ನಂತರ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಕೆಳಗೆ ಮೃದುವಾಗಿ ಸವರಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಎಂಬ ಅಂಟುರೋಗಗಳ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ವಾಂತಿ, ರಕ್ತಭೇದಿಯಾಗುತ್ತಿರುವ ಮರಿಯನ್ನು ಆಸ್ಪತ್ರೆಗೆ ಒಯ್ದಾಗ ನೇರ ಸಾಲಿನಲ್ಲಿ ಕೂರಬೇಡಿ. ಗೇಟಿನಲ್ಲೇ ‘ಪಾರ್ವೊ ಇರಬಹುದು’ ಎಂದು ಹೇಳಿ. ಸಾಲಿನಲ್ಲಿರುವ ಲಸಿಕೆಯಾಗದ ಮರಿಗಳೆಲ್ಲ ನಿಮ್ಮ ಆ ಒಂದು ಮಾತಿನಿಂದ ಉಳಿಯುತ್ತವೆ.

ನಾಯಿ ಕಚ್ಚಿದರೆ

ಪ್ರಾಣಿಗಳ ಕೆಲಸಕ್ಕೆ ಇಳಿಯುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಲೇಬೇಕು. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಮೆಣಸಿನಪುಡಿ, ಸುಣ್ಣ ಯಾವುದೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಅಲ್ಲಿ 0 (ಅಂದರೆ ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28ನೇ ದಿನ ಹಾಕಿಸಿಕೊಳ್ಳಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಅದಕ್ಕಾಗಿ ಲಸಿಕೆ ತಡ ಮಾಡಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಚಿಕಿತ್ಸೆ ಇಲ್ಲ. ದಿನಾ ಬೀದಿನಾಯಿಗಳನ್ನು ಮುಟ್ಟುವವರು ಮುಂಚಿತ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಜೊಲ್ಲು ಸುರಿಸುತ್ತ, ಕೆಳದವಡೆ ಜೋತುಬಿದ್ದು, ತೂರಾಡುತ್ತ, ಕಾರಣವಿಲ್ಲದೆ ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿ ಕಂಡರೆ ಅನುಕಂಪದಿಂದಲೂ ಹತ್ತಿರ ಹೋಗಬೇಡಿ. ಮಕ್ಕಳನ್ನು ಒಳಗೆ ಕಳಿಸಿ, 1533ಕ್ಕೆ ಫೋನ್ ಮಾಡಿ.

ಸಂತಾನಶಕ್ತಿಹರಣ: ಎಲ್ಲಕ್ಕಿಂತ ದೊಡ್ಡ ಉಪಕಾರ

ನಗರದಲ್ಲಿ 2023ರಲ್ಲಿ ನಡೆದ ಗಣತಿಯ ಪ್ರಕಾರ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ರಲ್ಲಿ ಅದು 3.1 ಲಕ್ಷವಿತ್ತು. ಎಬಿಸಿ (ಬೀದಿನಾಯಿಗಳನ್ನು ಹಿಡಿದು, ಸಂತಾನಶಕ್ತಿಹರಣದ ಆಪರೇಷನ್ ಮತ್ತು ಲಸಿಕೆ ಮಾಡಿ ಮತ್ತೆ ಬಿಡುವ) ಕಾರ್ಯಕ್ರಮ ನಿಲ್ಲದೆ ನಡೆದರೆ ಸಂಖ್ಯೆ ಇಳಿಯುತ್ತದೆ ಎಂಬುದಕ್ಕೆ ಇದು ಸಾಕು. ಹೊಡೆದು ಓಡಿಸಿದ, ಬೇರೆ ಏರಿಯಾಗೆ ಬಿಟ್ಟುಬಂದ ನಾಯಿಗಳ ಜಾಗಕ್ಕೆ ಆಪರೇಷನ್ ಆಗದ ಹೊಸ ನಾಯಿಗಳು ಬಂದು ಸೇರುತ್ತವೆ, ಜಗಳ ಹೆಚ್ಚುತ್ತದೆ. ಬೀದಿನಾಯಿ ಬೇಡ ಎನ್ನುವ ನೆರೆಯವರಿಗೂ ಬೇಕಾದ್ದು ಇದೇ ಕಾರ್ಯಕ್ರಮ. ಅವರ ಜೊತೆ ಜಗಳ ತೆಗೆಯುವ ಬದಲು ಅವರ ಕೈಯಿಂದಲೇ 1533ಕ್ಕೆ ಒಂದು ದೂರು ಕೊಡಿಸಿ.

ನಾಯಿ ಹಿಡಿಯುವ ಪಾಲಿಕೆಯ ವಾಹನ ಬರುವ ದಿನ ಬೆಳಿಗ್ಗೆ ನಾಯಿಗಳಿಗೆ ಊಟ ಹಾಕಬೇಡಿ, ಹಸಿದಿದ್ದರೆ ಹಿಡಿಯುವುದು ಸುಲಭ. ನೀವೇ ಅಲ್ಲಿದ್ದು ಕರೆದರೆ ಬಲೆ ಬೀಸುವ ಗಲಾಟೆಯೇ ತಪ್ಪಬಹುದು. ಯಾವ ನಾಯಿ, ಯಾವ ದಿನ, ಯಾವ ಕೇಂದ್ರಕ್ಕೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಾಲು ಕುಡಿಸುತ್ತಿರುವ ತಾಯಿಯನ್ನು ಒಯ್ಯದಂತೆ ಹೇಳಿ. 2023ರ ಎಬಿಸಿ ನಿಯಮಗಳ ಪ್ರಕಾರ ಆಪರೇಷನ್ ಮತ್ತು ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಬೇರೆ ಬೀದಿಗೆ ಬಿಟ್ಟಿದ್ದರೆ ಅಂದೇ ದೂರು ಕೊಡಿ, ನೀವು ಬರೆದಿಟ್ಟ ದಿನಾಂಕ, ಫೋಟೊ ಆಗ ಬೇಕಾಗುತ್ತವೆ. ವಾಪಸ್ ಬಂದ ನಾಯಿಯ ಕಿವಿಯ ತುದಿಯಲ್ಲಿ ಕಚ್ಚು ಇರುತ್ತದೆ. ಆಪರೇಷನ್ ಆಗಿದೆ ಎಂಬ ಗುರುತು.

ಬೆಕ್ಕುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೆಣ್ಣು ಬೆಕ್ಕು ಐದು ತಿಂಗಳಿಗೇ ಗಬ್ಬವಾಗಬಲ್ಲದು. ಬೀದಿಯ ಬೆಕ್ಕುಗಳ ಆಪರೇಷನ್ ಕಡಿಮೆ ದರದಲ್ಲಿ ಮಾಡಿಕೊಡುತ್ತಾರೆಯೇ ಎಂದು ಸಂಸ್ಥೆಗಳನ್ನು ಮೊದಲೇ ಕೇಳಿ, ಬೀದಿಯವರೆಲ್ಲ ಚಂದಾ ಹಾಕಿ ಒಂದೊಂದಾಗಿ ಮಾಡಿಸಿ.

ಊಟ ಹಾಕುವವರಿಗೆ

ಎಬಿಸಿ ನಿಯಮಗಳ ಪ್ರಕಾರ ಅಪಾರ್ಟ್‌ಮೆಂಟ್, ಬಡಾವಣೆಗಳ ಸಂಘಗಳು ಊಟ ಹಾಕುವ ಜಾಗ, ಹೊತ್ತು ಗೊತ್ತುಮಾಡಬೇಕು. ಅದು ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟುಗಳಿಂದ ದೂರವಿರಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ವಾರ್ಡುಗಳಲ್ಲಿ ಗೊತ್ತುಪಡಿಸಿದ ಜಾಗದಲ್ಲೇ ಊಟ ಹಾಕಬೇಕು ಎಂದಿತು. ಲಸಿಕೆ ಮತ್ತು ಆಪರೇಷನ್ ಆದ ನಾಯಿಗಳನ್ನು, ರೇಬೀಸ್ ಇರುವ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು, ಅದೇ ಜಾಗಕ್ಕೆ ಬಿಡಬೇಕು ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಲು ಹೇಳಿತು. ಆದ್ದರಿಂದ ಶಾಲೆಯ ಗೇಟಿನ ಹತ್ತಿರ ಊಟ ಹಾಕುತ್ತಿದ್ದವರು ಕೂಡಲೇ ಜಾಗ ಬದಲಿಸಿ, ನಾಯಿಗಳನ್ನು ಅಲ್ಲಿಂದ ದೂರಕ್ಕೆ ರೂಢಿ ಮಾಡಿಸಿ. ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ನಿಮ್ಮ ವಾರ್ಡಿನ ಜಾಗ ಗೊತ್ತುಮಾಡಿಸಿಕೊಳ್ಳಿ.

ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಕೋಳಿ ಸೇರಿಸಿ ಹಾಕಿದರೆ ಒಳ್ಳೆಯದು, ಮೊಸರನ್ನವೂ ನಡೆಯುತ್ತದೆ. ಬಿಸ್ಕತ್ತು ಊಟವಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎಸೆಯುವುದಂತೂ ಬೇಡವೇ ಬೇಡ, ಆ ಕವರ್ ಕೊನೆಗೆ ಹಸುವಿನ ಹೊಟ್ಟೆ ಸೇರುತ್ತದೆ. ತಿಂದು ಮುಗಿಸುವವರೆಗೆ ನಿಂತಿದ್ದು ಜಾಗ ಗುಡಿಸಿ ಬನ್ನಿ. ನೆರೆಯವರ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಉಳಿದ ಅನ್ನದ ಮೇಲೆ, ನಾಯಿಯ ಮೇಲಲ್ಲ.

ಹಕ್ಕಿ, ಹಾವು

ಆಷಾಢದ ಗಾಳಿಗೆ ಗಾಳಿಪಟ ಏರಿದ ಕೂಡಲೇ ಮಾಂಜಾ ದಾರಕ್ಕೆ ಸಿಕ್ಕಿ ಹದ್ದು, ಗೂಬೆಗಳ ರೆಕ್ಕೆ ಕೊಯ್ಯುತ್ತದೆ. ದಾರವನ್ನು ಎಳೆಯಬೇಡಿ; ಹಕ್ಕಿಯಿಂದ ಸ್ವಲ್ಪ ಬಿಟ್ಟು ಕತ್ತರಿಸಿ. ಟವೆಲ್ ಹಾಕಿ ಹಿಡಿದು, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಪೀಪಲ್ ಫಾರ್ ಅನಿಮಲ್ಸ್‌ಗೆ ತಿಳಿಸಿ. ಬಾಯಿಗೆ ನೀರು ಹಾಕಬೇಡಿ. ಹಾವು ಮನೆಯೊಳಗೆ ಬಂದರೆ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಬಟ್ಟೆ ಒತ್ತಿ, 1926ಕ್ಕೆ ಫೋನ್ ಮಾಡಿ. ಪಂಜರದಲ್ಲಿ ನಮ್ಮ ನಾಡಿನ ಗಿಳಿ ಸಾಕುವುದು, ನಕ್ಷತ್ರ ಆಮೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹೆದರಿ ಎಲ್ಲೋ ಬಿಟ್ಟುಬಿಡುವ ಬದಲು ಅರಣ್ಯ ಇಲಾಖೆಗೆ ಒಪ್ಪಿಸಿ.

ಸಾಕಿದವರಿಗೆ ಕಷ್ಟ ಬಂದಾಗ

ಕೆಲಸ ಹೋಗುತ್ತದೆ, ಮನೆ ಬದಲಾಗುತ್ತದೆ, ವಯಸ್ಸಾದವರು ಆಸ್ಪತ್ರೆ ಸೇರುತ್ತಾರೆ. ಪ್ರಾಣಿಯನ್ನು ರಿಂಗ್ ರೋಡಿನಲ್ಲಿ ಬಿಟ್ಟುಹೋಗುವವರೆಲ್ಲ ಕ್ರೂರಿಗಳಲ್ಲ, ಕೇಳಲು ಜನವಿಲ್ಲದವರೂ ಇದ್ದಾರೆ. ಅದಕ್ಕೇ ಹೇಳುವುದು, ಕೇಳಲು ನಾಚಬೇಡಿ. ಚಿಕಿತ್ಸೆಯ ಖರ್ಚು ಹೊರೆಯಾದರೆ ಹೆಬ್ಬಾಳ, ಕ್ವೀನ್ಸ್ ರಸ್ತೆಯ ಆಸ್ಪತ್ರೆಗಳಿಗೆ ಹೋಗಿ. ಬೆಳಿಗ್ಗೆ ಬೇಗ ತಲುಪಿ, ಲಸಿಕೆ ಕಾರ್ಡ್, ಹಳೆಯ ಚೀಟಿಗಳು, ಹಗ್ಗ ಜೊತೆಗಿರಲಿ. ಬೆಕ್ಕಾದರೆ ಬುಟ್ಟಿ ಅಥವಾ ಕ್ಯಾರಿಯರ್‌ನಲ್ಲೇ ತನ್ನಿ. ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಉಣ್ಣಿ ಹುಳ ಕಚ್ಚಿ ಬರುವ ಜ್ವರ ವಿಪರೀತಕ್ಕೆ ಹೋಗಿ ನಾಯಿಗೆ ರಕ್ತ ಬೇಕಾಗುವ ಸಂದರ್ಭ ಬರುತ್ತದೆ. ನಿಮ್ಮ ಬಡಾವಣೆಯಲ್ಲಿ ಲಸಿಕೆಯಾದ, ಆರೋಗ್ಯವಾಗಿರುವ, 25 ಕಿಲೊ ಮೀರಿದ ನಾಯಿಗಳು ಯಾರ್‍ಯಾರ ಮನೆಯಲ್ಲಿವೆ ಎಂದು ಪಟ್ಟಿ ಮಾಡಿಟ್ಟರೆ ಆ ರಾತ್ರಿ ಒಂದು ಜೀವ ಉಳಿಯುತ್ತದೆ.

ಒಂಟಿಯಾಗಿರುವವರು ಪರ್ಸಿನಲ್ಲಿ ಒಂದು ಚೀಟಿ ಇಡಿ: ‘ನನ್ನ ಮನೆಯಲ್ಲಿ ನಾಯಿ ಇದೆ, ನನಗೇನಾದರೂ ಆದರೆ ಇವರಿಗೆ ಫೋನ್ ಮಾಡಿ.’ ಆ ‘ಇವರ’ ಬಳಿ ಬೀಗದ ಕೈ ಇರಲಿ, ಪ್ರಾಣಿಗೆ ಅವರ ಪರಿಚಯ ಇರಲಿ. ಬೇರೆ ಮನೆ ಹುಡುಕಲೇಬೇಕಾದರೆ ಕೊನೆಯ ವಾರಕ್ಕೆ ಬಿಡದೆ ಕನಿಷ್ಠ ಒಂದೆರಡು ತಿಂಗಳು ಮೊದಲೇ ಶುರುಮಾಡಿ. ಆಪರೇಷನ್, ಲಸಿಕೆ ಮುಗಿದಿದ್ದರೆ ಮನೆ ಬೇಗ ಸಿಗುತ್ತದೆ. ಯಾರಿಗೆ ಕೊಡುತ್ತೀರೋ ಅವರ ಮನೆಗೆ ಹೋಗಿ ನೋಡಿ, ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ತಳಿ ನಾಯಿಯನ್ನು ಕೇಳಿ ಬರುವವರಲ್ಲಿ ಮರಿ ಮಾಡಿಸಿ ಮಾರುವವರೂ ಇರುತ್ತಾರೆ. ಆಪರೇಷನ್ ಆಗಿದೆ ಎಂದ ಕೂಡಲೇ ಅವರು ಹಿಂದೆ ಸರಿಯುತ್ತಾರೆ.

ಅಪಾರ್ಟ್‌ಮೆಂಟ್ ಸಂಘ ‘ನಾಯಿ ಸಾಕುವಂತಿಲ್ಲ’ ಎಂದು ನೋಟಿಸ್ ಹಾಕಿದರೆ ಹೆದರಬೇಡಿ. ಬಹುಮತದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯನ್ನು ಸಂಘಕ್ಕೆ ಕೊಡಿ. ಬಾಡಿಗೆ ಮನೆಯ ಮಾತು ಬೇರೆ. ಅಲ್ಲಿ ಕರಾರುಪತ್ರ ಮುಖ್ಯ, ಸಹಿ ಮಾಡುವ ಮೊದಲೇ ನಾಯಿ ಇದೆ ಎಂದು ಅದರಲ್ಲಿ ಬರೆಸಿ. ಇಷ್ಟೆಲ್ಲ ಹಕ್ಕು ಕೇಳುವವರು ಹೊರಗೆ ಹೋಗುವಾಗ ಹಗ್ಗ, ನಾಯಿಯ ಮಲ ಎತ್ತಲು ಪೇಪರ್ ಒಯ್ಯಲೇಬೇಕು.

ಪ್ರಾಣಿ ಕಳೆದುಹೋದರೆ

ದೀಪಾವಳಿಯ ಮೂರು ದಿನ ಬೆಂಗಳೂರಿನಲ್ಲಿ ಅದೆಷ್ಟೋ ನಾಯಿಗಳು ಪಟಾಕಿ ಸದ್ದಿಗೆ ಹೆದರಿ ಓಡಿಹೋಗುತ್ತವೆ. ಕತ್ತುಪಟ್ಟಿಯಲ್ಲಿ ಫೋನ್ ನಂಬರ್ ಬರೆದ ಬಿಲ್ಲೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಓಡಿದ ಕೂಡಲೇ ಮನೆಯವರು ಬೇರೆ ಬೇರೆ ದಿಕ್ಕಿಗೆ ನಡೆದುಕೊಂಡೇ ಹೋಗಿ. ಟೀ ಅಂಗಡಿ, ಆಟೊ ಸ್ಟ್ಯಾಂಡ್, ಎಟಿಎಂ ಕಾವಲುಗಾರರಿಗೆ ಫೋಟೊ ತೋರಿಸಿ. ಬೆಳಿಗ್ಗೆ ಆರಕ್ಕೆ ಪೌರಕಾರ್ಮಿಕರನ್ನು ಕೇಳಿ, ಅವರು ಕಾಣದ ಸಂದಿಯಿಲ್ಲ. ಬೆಕ್ಕಾದರೆ ದೂರ ಹೋಗಿರುವುದಿಲ್ಲ. ಊರು ಮಲಗಿದ ಮೇಲೆ ಟಾರ್ಚ್ ಹಿಡಿದು ಆಚೀಚೆ ನಾಲ್ಕಾರು ಮನೆಯ ಕಾರಿನ ಕೆಳಗೆ, ಸಂಪ್ ಪಕ್ಕ, ತಾರಸಿಯ ಟ್ಯಾಂಕ್ ಹಿಂದೆ ನೋಡಿ. ಎಬಿಸಿ ಕೇಂದ್ರಗಳಿಗೆ, ಸಂಸ್ಥೆಗಳಿಗೆ ಖುದ್ದಾಗಿ ಹೋಗಿ ವಿಚಾರಿಸಿ. ‘ನಿಮ್ಮ ನಾಯಿ ನನ್ನ ಹತ್ತಿರ ಇದೆ, ಮೊದಲು ದುಡ್ಡು ಕಳಿಸಿ’ ಎಂದು ಫೋನ್ ಬಂದರೆ ವೀಡಿಯೊ ಕಾಲ್‌ನಲ್ಲಿ ತೋರಿಸಲು ಹೇಳಿ. ಹುಡುಕಾಟವನ್ನು ಎರಡನೇ ವಾರಕ್ಕೇ ಬಿಡಬೇಡಿ, ತಿಂಗಳಾದ ಮೇಲೂ ಸಿಕ್ಕವು ಇವೆ.

ಹಿಂಸೆ ಕಂಡರೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೊಡೆಯುವುದು, ಹಸಿವಿನಲ್ಲಿ ಕಟ್ಟಿಹಾಕುವುದು, ಸಾಕಿದ್ದನ್ನು ಬೀದಿಗೆ ಬಿಡುವುದು ಎಲ್ಲವೂ ಅಪರಾಧ. ಆದರೆ ಅದರಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಅರವತ್ತು ವರ್ಷ ಮೀರಿದರೂ ಅದು ಬದಲಾಗಿಲ್ಲ ಎಂಬುದು ನೋವಿನ ಸಂಗತಿ. ಆದ್ದರಿಂದ ಪ್ರಾಣಿಯನ್ನು ಕೊಂದಿದ್ದರೆ, ಅಂಗ ಊನ ಮಾಡಿದ್ದರೆ, ವಿಷ ಹಾಕಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಸೇರಿಸಲು ದೂರಿನಲ್ಲೇ ಬರೆಯಿರಿ. ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ವೀಡಿಯೊ, ಸಮಯ, ಜಾಗ, ನೋಡಿದವರ ಹೆಸರು ಬೇಕು. ವಿಷದ ಶಂಕೆಯಿದ್ದರೆ ಪೊಲೀಸರಿಗೆ ಹೇಳಿ ಮರಣೋತ್ತರ ಪರೀಕ್ಷೆ ಮಾಡಿಸಿ, ಅದಿಲ್ಲದೆ ಕೇಸು ನಿಲ್ಲುವುದಿಲ್ಲ. ದೂರಿನ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಸಮಯ, ದುಡ್ಡು, ವಸ್ತು ಕೊಡುವವರಿಗೆ

ಬೆಂಗಳೂರಿನಲ್ಲಿ ಅತಿ ದೊಡ್ಡ ಕೊರತೆ ಫಾಸ್ಟರ್ ಮನೆಗಳದ್ದು, ಅಂದರೆ ಪ್ರಾಣಿಯನ್ನು ಕೆಲವು ದಿನದ ಮಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ಮನೆಗಳದ್ದು. ಆಪರೇಷನ್ ಆದ ನಾಯಿಗೆ ಹತ್ತು ದಿನ ಒಂದು ಬಾತ್‌ರೂಮ್, ಕಾರ್ ಶೆಡ್ಡಿನ ಮೂಲೆ ಬಿಟ್ಟುಕೊಟ್ಟರೂ ಆಶ್ರಯತಾಣದಲ್ಲಿ ಇನ್ನೊಂದು ಜೀವಕ್ಕೆ ಜಾಗವಾಗುತ್ತದೆ. ಮನೆಯಲ್ಲಿ ಆಗಲೇ ನಾಯಿ, ಬೆಕ್ಕು ಇದ್ದರೆ ಅವುಗಳ ಲಸಿಕೆ ಪೂರ್ತಿಯಾಗಿರಬೇಕು, ಹೊಸಬರನ್ನು ಎರಡು ವಾರ ಬೇರೆ ಇಡಬೇಕು. ದುಡ್ಡು ಕೊಡುವಾಗ ವ್ಯಕ್ತಿಯ ಖಾತೆಗಿಂತ ನೇರ ಆಸ್ಪತ್ರೆಯ ಬಿಲ್ಲಿಗೆ ಕಟ್ಟಿ, ಇಲ್ಲವೇ 80ಜಿ (ಆದಾಯ ತೆರಿಗೆ ವಿನಾಯಿತಿಯ) ರಸೀದಿ ಕೊಡುವ ನೋಂದಾಯಿತ ಸಂಸ್ಥೆಗೆ ಕೊಡಿ. ಹಳೆ ಬೆಡ್‌ಶೀಟ್, ಟವೆಲ್, ನ್ಯೂಸ್‌ಪೇಪರ್, ಅಕ್ಕಿ, ಫಿನೈಲ್ ಇಲ್ಲದ ನೆಲ ಒರೆಸುವ ದ್ರಾವಣ, ಇವುಗಳಲ್ಲಿ ಯಾವುದು ಬೇಕು ಎಂದು ಫೋನ್ ಮಾಡಿ ಕೇಳಿಯೇ ಒಯ್ಯಿರಿ. ಸಂಸ್ಥೆಗೆ ಭೇಟಿ ಕೊಡಬೇಕೆಂದಿದ್ದರೆ ಭಾನುವಾರ ಹೊರತು ಬೇರೆ ದಿನ ಹೋಗಿ. ಭಾನುವಾರ ಜನ ಬಹಳ, ವಾರದ ನಡುವೆ ನಾಯಿಗಳನ್ನು ನಡೆಸಲು, ಪಂಜರ ತೊಳೆಯಲು ಕೈಗಳೇ ಸಾಲುವುದಿಲ್ಲ.